ಗವಿಯಕ್ಕ, ಬುರುಜಣ್ಣ

ಗವಿಯ ಬಾಗಿಲಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದ ಹೆಂಗಸನ್ನು ಎಲ್ಲರೂ ಗವಿಯಕ್ಕ ಎನ್ನುತ್ತಿದ್ದರು. ಎದುರು ಗುಡ್ಡದ ಬುರುಜನ್ನು ಕಾಯುತ್ತಿದ್ದವನು ಬುರುಜಣ್ಣ. ಒಂದು ಕಾಲಕ್ಕೆ ಗಂಡಹೆಂಡಿರಾಗಿದ್ದವರನ್ನು ಊರು ಹೀಗೆ ಅಕ್ಕ, ಅಣ್ಣ ಮಾಡಿ ಕೂರಿಸಿತ್ತು. ಅದನ್ನು ಹೇಳಿಕೊಂಡು ನಗುವವರಿಗೆ ಕೊರತೆ ಇರಲಿಲ್ಲ. ಅವರಿಬ್ಬರ ಎದುರಿಗೆ ನಗುವ ಎದೆಗಾರಿಕೆ ಮಾತ್ರ ಯಾರಿಗೂ ಇರಲಿಲ್ಲ.

ಬಸ್ಸಿಳಿದು ನಡೆದು ಬಂದರೆ ದಾರಿ ಕವಲೊಡೆಯುವ ಜಾಗದಲ್ಲಿ ಒಂದು ಬೋರ್ಡು. ಎಡಕ್ಕೆ ಬುರುಜು, ಬಲಕ್ಕೆ ಗವಿ. ದೊಡ್ಡ ಊರುಗಳ ಪ್ರವಾಸಿ ಪುಸ್ತಕಗಳಲ್ಲಿ ಎರಡರ ಹೆಸರೂ ಇರಲಿಲ್ಲ. ಹೆದ್ದಾರಿಯಲ್ಲಿ ಹೋಗುವವರು ದಾರಿ ತಪ್ಪಿದರೆ, ಇಲ್ಲವೇ ಗಾಡಿ ಕೆಟ್ಟು ನಿಂತರೆ ಮಾತ್ರ ಇತ್ತ ಬರುತ್ತಿದ್ದರು. ಬಂದವರು ಬಾಯಿ ಬಿಟ್ಟುಕೊಂಡು ನೋಡಿ ಹೋಗುತ್ತಿದ್ದರು.

ಗವಿಯ ಬಾಯಿ ಚಿಕ್ಕದು. ಬಗ್ಗಿ ಒಳಗೆ ಹೋಗಬೇಕು. ಆಮೇಲೆ ಬಂಡೆಯ ಒಂದು ಇಕ್ಕಟ್ಟು, ಅಲ್ಲಿ ಮೈ ಓರೆ ಮಾಡಿಕೊಂಡೇ ನುಸುಳಬೇಕು. ಅದನ್ನು ದಾಟಿದ ಕೂಡಲೇ ದೊಡ್ಡ ಹಜಾರ. ಚಾವಣಿಯಿಂದ ಬಿಳಿ ಕಲ್ಲಿನ ಕೋರೆಗಳು ಇಳಿಬಿದ್ದಿವೆ. ಕೆಳಗೆ ನೋಡಿದರೆ ಅಷ್ಟೇ ಆಳದ ಪ್ರಪಾತ, ಅದರೊಳಗೂ ಮೇಲ್ಮುಖವಾಗಿ ಎದ್ದ ಕೋರೆಗಳು. ಜನ ಹೌಹಾರಿ ಹಿಂದೆ ಸರಿಯುತ್ತಿದ್ದರು. ಆಗ ಗವಿಯಕ್ಕ ಬಗ್ಗಿ ಒಂದು ಬೆರಳು ಅದ್ದುತ್ತಿದ್ದಳು. ಪ್ರಪಾತ ಅಲ್ಲಾಡಿ ಚೂರಾಗುತ್ತಿತ್ತು. ಅದು ಪಾದ ಮುಳುಗುವಷ್ಟು ಆಳದ ನೀರು. ಗಾಳಿಯೇ ಸುಳಿಯದ ಜಾಗವಾದ್ದರಿಂದ ಕನ್ನಡಿಯಂತೆ ನಿಂತಿತ್ತು, ಅಷ್ಟೆ.

ಬುರುಜಿನ ಸೊಗಸು ಬೇರೆ. ದುಂಡನೆಯ ಕಾವಲು ಗೋಪುರ. ಗೋಡೆ ಎಷ್ಟು ದಪ್ಪವೆಂದರೆ ಗೋಡೆಯ ಹೊಟ್ಟೆಯೊಳಗೇ ಮೆಟ್ಟಿಲು ಸುತ್ತಿಕೊಂಡು ಏರುತ್ತದೆ. ಬಾಣ ಬಿಡುವ ಸೀಳುಗಳಿಂದ ಬೆಳಕು ಪಟ್ಟೆಪಟ್ಟೆಯಾಗಿ ಮೆಟ್ಟಿಲ ಮೇಲೆ ಬೀಳುತ್ತದೆ. ಕಟ್ಟಿದ ಕಲ್ಲುಕುಟಿಗರು ತಂತಮ್ಮ ಕಲ್ಲಿನ ಮೇಲೆ ಗುರುತು ಕೆತ್ತಿದ್ದಾರೆ: ಮೀನು, ಬಾಚಣಿಗೆ, ಅಂಗೈ, ಅರ್ಧಚಂದ್ರ. ಗಾಳಿಯ ದಿನಗಳಲ್ಲಿ ಇಡೀ ಬುರುಜು ಗುಂಯ್ ಎಂದು ಹಾಡುತ್ತದೆ.

ಇಂಥ ಎರಡು ಜಾಗ ಪಕ್ಕಪಕ್ಕದಲ್ಲಿದ್ದೂ ಎರಡನ್ನೂ ನೋಡಿ ಹೋದವರು ಕಡಿಮೆ. ಅದಕ್ಕೆ ಕಾರಣ ಈ ಇಬ್ಬರು ಕಾವಲುಗಾರರು.

"ಗವೀಲಿ ಏನಿದೆ ಸ್ವಾಮಿ? ಬಾವಲಿ ನಾತ. ನಾಲ್ಕು ಕಲ್ಲು ನೇತಾಡ್ತಿರುತ್ತೆ. ಬಟ್ಟೆ ಕೊಳೆ ಮಾಡ್ಕೊಂಡು ಬರ್ತೀರಿ," ಎನ್ನುತ್ತಿದ್ದ ಬುರುಜಣ್ಣ.

"ಬುರುಜಿನ ಮೇಲೆ ಹತ್ತಿದ್ರೆ ಏನು ಸಿಗುತ್ತೆ? ಗಾಳಿ. ಅದು ಇಲ್ಲೇ ಪುಕ್ಕಟೆ ಬೀಸ್ತಿದೆ, ಕೂತ್ಕೊಳ್ಳಿ," ಎನ್ನುತ್ತಿದ್ದಳು ಗವಿಯಕ್ಕ.

ಹಗೆಗೆ ಬೇರಿತ್ತು. ಮದುವೆಯಾದಾಗ ಅವನು ಸುಣ್ಣದ ಗಾರೆ ಕೆಲಸದವನು. ಹಳೆಯ ಕಟ್ಟಡಗಳಿಗೆ ಸಿಮೆಂಟು ಹಿಡಿಯುವುದಿಲ್ಲ, ಸುಣ್ಣವನ್ನೇ ಅರೆದು ಮೆತ್ತಬೇಕು. ಆ ಕಸುಬು ಅವನ ಕೈಯಲ್ಲಿತ್ತು. ಬುರುಜಿನ ದುರಸ್ತಿಗೆಂದು ಬಂದವನಿಗೆ ಕೆಲಸ ಮುಗಿದ ಮೇಲೆ ಪುರಾತತ್ವ ಇಲಾಖೆಯವರು ಅಲ್ಲಿಯೇ ಕಾವಲು ಕೊಟ್ಟರು. ಗುಡ್ಡದ ಬುಡದಲ್ಲಿ ಎರಡು ಕೋಣೆಯ ಮನೆ. ಮಗಳು ಹುಟ್ಟಿದಳು. ಅವನಿಗೆ ಬುರುಜು ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಉಣ್ಣುವಾಗಲೂ ಮೂರನೇ ಸುತ್ತಿನ ಬಿರುಕಿನ ಮಾತು. ಹೆಂಡತಿ ಹೂಂಗುಟ್ಟುತ್ತಿದ್ದಳು. ಆ ಹೂಂ ಒಣಗುತ್ತ ಬಂದದ್ದು ಅವನ ಗಮನಕ್ಕೆ ಬರಲಿಲ್ಲ.

ಮಗಳು ಶಾಲೆಗೆ ಹೋಗತೊಡಗಿದ ವರ್ಷ ಅರಣ್ಯ ಇಲಾಖೆಯವರು ಗವಿಗೆ ಕಬ್ಬಿಣದ ಗೇಟು ಹಾಕಿ, ಕಾಯಲು ಸ್ಥಳೀಯರು ಬೇಕು ಎಂದರು. ಅವಳು ಕೈ ಎತ್ತಿದಳು.

"ಹೆಂಗಸು ಹೋಗಿ ಕತ್ತಲೆ ಬಾಯಲ್ಲಿ ಕೂರೋದಾ? ನನ್ನ ಮರ್ಯಾದೆ ಏನಾಗ್ಬೇಕು?"

"ನೀವು ಕಲ್ಲು ಕಾದರೆ ಮರ್ಯಾದೆ, ನಾನು ಕಾದರೆ ಅವಮಾನವಾ?"

"ಹೋದ್ರೆ ವಾಪಸ್ ಬರ್ಬೇಡ."

ಗಂಡಸರು ಸಿಟ್ಟಿನಲ್ಲಿ ಇಂಥ ಮಾತು ಆಡುತ್ತಾರೆ ಎಂದುಕೊಂಡು ಅವಳು ಹೋದಳು. ಮೊದಲ ದಿನದ ಕೆಲಸ ಮುಗಿಸಿ ಸಂಜೆ ಬಂದರೆ ಅವಳ ಪೆಟ್ಟಿಗೆ ಹೊರಗಿನ ಮೆಟ್ಟಿಲ ಮೇಲಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕ. ತಟ್ಟಿದಳು, ಕೂಗಿದಳು. ಒಳಗೆ ಮಗಳು ಅಳುವುದು ಕೇಳಿಸಿತು, ಅವನು ಅವಳನ್ನು ಗದರಿಸುವುದು ಕೇಳಿಸಿತು. ಅಕ್ಕಪಕ್ಕದವರು ಬಂದು ಹೇಳಿದರೂ ಚಿಲಕ ಸರಿಯಲಿಲ್ಲ. ಬೆಳಗಿನವರೆಗೆ ಮೆಟ್ಟಿಲ ಮೇಲೆ ಕೂತಿದ್ದವಳು ಬೀದಿ ನಲ್ಲಿಯಲ್ಲಿ ಮುಖ ತೊಳೆದು ನೇರವಾಗಿ ಗವಿಗೆ ಕೆಲಸಕ್ಕೆ ಹೋದಳು. ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಗಂಡನಿಗೆ 'ನೀವು' ಎನ್ನುತ್ತಿದ್ದವಳು ಕೋರ್ಟಿನಲ್ಲಿ ನ್ಯಾಯಾಧೀಶರ ಎದುರು ನಿಂತು 'ಇವನು' ಎಂದಳು. ಹೇಳಿದ ಮೇಲೆ ನಾಲಿಗೆಗೆ ಹಾಯೆನಿಸಿತು.

ಮಗಳು ಎರಡು ಮನೆಗಳ ನಡುವೆ ಓಡಾಡಿಕೊಂಡೇ ದೊಡ್ಡವಳಾದಳು, ನರ್ಸ್ ಆದಳು, ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಸಂಸಾರ ಹೂಡಿದಳು. ಇಲ್ಲಿ ಹಗೆ ಮಾತ್ರ ಮಾಗುತ್ತ ಹೋಯಿತು. ಕವಲಿನ ಬೋರ್ಡು ಒಂದು ದಿನ ಪೂರ್ತಿ ತಿರುಗಿ ನಿಂತಿರುತ್ತಿತ್ತು. ಗವಿಗೆ ಹೊರಟವರು ಏದುಸಿರು ಬಿಡುತ್ತ ಬುರುಜಿನ ಬುಡದಲ್ಲಿ ಬಂದು ನಿಲ್ಲುತ್ತಿದ್ದರು. ಮರುವಾರ ಬೋರ್ಡಿನಲ್ಲಿ ಬುರುಜಿನ ದಾರಿ ತೋರಿಸುವ ಬಾಣದ ಗುರುತಿನ ಮೇಲೆ ಸಗಣಿ ಮೆತ್ತಿರುತ್ತಿತ್ತು. ಕೇಳಿದರೆ ಇಬ್ಬರೂ ಆಕಾಶ ನೋಡುತ್ತಿದ್ದರು.

ಹೀಗಿರುವಾಗ ಎರಡು ಇಲಾಖೆಗಳೂ ತಮ್ಮ ಭಾರ ಇಳಿಸಿ, ಜಾಗಗಳನ್ನು ಪ್ರವಾಸೋದ್ಯಮದವರ ಕೈಗೆ ಒಪ್ಪಿಸಿದವು. ಹೊಸದಾಗಿ ಬಂದ ಅಧಿಕಾರಿ ಚುರುಕು ಹೆಣ್ಣುಮಗಳು. ಜನರಿಗೆ ಗೊತ್ತಿಲ್ಲದ ಜಾಗಗಳನ್ನು ಬೆಳಕಿಗೆ ತರುತ್ತೇನೆ ಎಂದು ಹೊರಟವಳು. ಎರಡಕ್ಕೂ ಸೇರಿ ಒಂದೇ ಟಿಕೆಟ್ಟು, ಕವಲಿನಲ್ಲಿ ಒಂದೇ ಕೋಣೆ, ಎರಡು ಕಿಟಕಿ. ಇಬ್ಬರೂ ಅಲ್ಲೇ ಕೂರಬೇಕು, ಜನ ಬಂದಾಗ ಅವರವರ ಜಾಗಕ್ಕೆ ಕರೆದುಕೊಂಡು ಹೋಗಬೇಕು.

"ಮೇಡಂ, ಬೇರೆ ಎಲ್ಲಿಗಾದ್ರೂ ಹಾಕಿ. ಕಕ್ಕಸು ತೊಳೆಯೋಕೆ ಹಾಕಿದ್ರೂ ಹೋಗ್ತೀನಿ," ಎಂದಳು ಗವಿಯಕ್ಕ.

"ಹಳೇದೆಲ್ಲ ಮರೀಬೇಕಮ್ಮ," ಎಂದಳು ಅಧಿಕಾರಿ.

"ನಿಮಗೆ ಮದುವೆ ಆಗಿದೆಯಾ ಮೇಡಂ?"

ಅಧಿಕಾರಿ ಆದೇಶದ ಕಾಗದ ಅವಳ ಕೈಗಿಟ್ಟು ಹೊರಟಳು.

ಕೋಣೆ ಚಿಕ್ಕದು. ಮೊದಲ ದಿನವೇ ಬುರುಜಣ್ಣ ಕಬ್ಬಿಣದ ಬೀರುವನ್ನು ಎಳೆದು ನಟ್ಟನಡುವೆ ನಿಲ್ಲಿಸಿದ. ಗವಿಯಕ್ಕ ಅದರ ಬೆನ್ನಿಗೆ ಒಂದು ಬೆಂಚು ಒತ್ತರಿಸಿ ಗಡಿ ಭದ್ರ ಮಾಡಿದಳು. ಫ್ಯಾನು ಅವನ ಕಡೆಗಿತ್ತು, ಸ್ವಿಚ್ಚು ಇವಳ ಕಡೆಗೆ. ಬೇಸಿಗೆಯೆಲ್ಲ ಅದೇ ಯುದ್ಧ. ನೇರವಾಗಿ ಮಾತಾಡುವಂತಿಲ್ಲವಾದ್ದರಿಂದ ಟಿಕೆಟ್ ಕೊಳ್ಳಲು ಬಂದ ಪಾಪದವರೇ ದೂತರಾಗುತ್ತಿದ್ದರು.

"ಅಣ್ಣಾ, ಆ ಕಡೆ ಕಿಟಕೀಲಿ ಕೂತವರಿಗೆ ಹೇಳಿ, ಬೀಡಿ ಹೊಗೆ ಇತ್ತ ಬರ್ತಿದೆ ಅಂತ."

"ಆ ಕಡೆಯವರಿಗೆ ನೀವೂ ಹೇಳಿ ಸ್ವಾಮಿ, ಮೂಗು ಅಷ್ಟು ಸೂಕ್ಷ್ಮ ಇದ್ರೆ ಬಾವಲಿ ಜೊತೆ ಸಂಸಾರ ಹೇಗೆ ಮಾಡ್ತಾರೆ ಅಂತ."

ಬಂದವರು ಅತ್ತ ಇತ್ತ ನೋಡಿ, ಚಿಲ್ಲರೆ ಬಿಟ್ಟು ಓಡಿದ್ದೂ ಉಂಟು.

ಗಾಳಿಯ ದಿನಗಳು ಶುರುವಾದಾಗ ಒಂದು ಮಧ್ಯಾಹ್ನ ಶಾಲೆಯ ಮೇಷ್ಟರಮ್ಮನೊಬ್ಬಳು ಬುರುಜಿನಿಂದ ಇಳಿದು ಬಂದಳು. ಅವಳ ಹೆಗಲ ಮೇಲೆಲ್ಲ ಬಿಳಿ ಪುಡಿ, ಕೈಯಲ್ಲಿ ಮುಷ್ಟಿ ಗಾತ್ರದ ಕಲ್ಲಿನ ಚೂರು. ಅದನ್ನು ಬುರುಜಣ್ಣನ ಕಿಟಕಿಯ ಕಟ್ಟೆ ಮೇಲಿಟ್ಟು, "ಇದು ನನ್ನ ತಲೆ ಪಕ್ಕದಲ್ಲೇ ಬಿತ್ತು," ಎಂದಳು.

"ಪಾರಿವಾಳ ಬೀಳಿಸಿರುತ್ತೆ ತಾಯಿ. ಹಳೇ ಕಟ್ಟಡ ಅಂದ್ಮೇಲೆ ಅಷ್ಟಿಷ್ಟು ಉದುರುತ್ತೆ. ನೀರು ಕುಡೀರಿ."

ಅವನು ಆ ಚೂರನ್ನು ಮೆಲ್ಲಗೆ ಎಳೆದುಕೊಂಡು ಮೇಜಿನ ಖಾನೆಗೆ ಹಾಕಿದ ಸದ್ದು ಬೀರುವಿನ ಈಚೆಗೆ ಕೇಳಿಸಿತು. ಗವಿಯಕ್ಕನ ಕಿವಿ ನೆಟ್ಟಗಾಯಿತು. ಮೇಷ್ಟರಮ್ಮ ಹೋದ ಮೇಲೆ ಅವನು ಬುರುಜಿಗೆ ಹತ್ತಿ ಹೋದ, ಬಹಳ ಹೊತ್ತು ಇಳಿಯಲಿಲ್ಲ. ಬಂದವನ ಉಗುರಲ್ಲಿ ಸುಣ್ಣವಿತ್ತು. ತನ್ನಷ್ಟಕ್ಕೆ ತೇಪೆ ಹಾಕಿ ಬಂದಿದ್ದಾನೆಂದು ಅವಳಿಗೆ ತಿಳಿಯಿತು. ಅವನು ಕೈ ತೊಳೆಯಲು ಹೋದದ್ದೇ ತಡ, ಅವಳು ಅಧಿಕಾರಿಗೆ ಫೋನು ಮಾಡಿದಳು.

ಎಂಜಿನಿಯರು ಬಂದ. ಮೆಟ್ಟಿಲ ಗೋಡೆಗೆ ಕಿವಿಯಿಟ್ಟು, ಸುತ್ತಿಗೆಯಿಂದ ತಟ್ಟಿ ನೋಡಿದ. ಒಳಗೆ ಟೊಳ್ಳು ಬಿದ್ದಿದೆ, ಯಾರನ್ನೂ ಹತ್ತಿಸಬೇಡಿ ಎಂದ. ಅಂದೇ ಬುರುಜಿನ ಬಾಗಿಲಿಗೆ ಹಲಗೆ ಹೊಡೆದರು. ಮೊಳೆ ಹೊಡೆಯುವಾಗ ಬುರುಜಣ್ಣ ಪಕ್ಕದಲ್ಲಿ ನಿಂತಿದ್ದ. ಆಮೇಲೆ ನೇರ ಕೋಣೆಗೆ ಬಂದು, ಬೀರು ಸುತ್ತಿ, ಬೆಂಚು ದಾಟಿ, ಅವಳೆದುರು ನಿಂತ. ಎಷ್ಟೋ ವರ್ಷಗಳ ಮೇಲೆ ಅವಳಿಗೆಂದೇ ಆಡಿದ ಮಾತು ಇದು:

"ಹೊಟ್ಟೆ ತಣ್ಣಗಾಯ್ತಾ?"

"ಇಲ್ಲ. ಇನ್ನೂ ಉರೀತಿದೆ."

ಸುದ್ದಿ ತಿಳಿದ ಮಗಳು ಫೋನು ಮಾಡಿದಳು. "ಅಮ್ಮ, ಅಪ್ಪನಿಗೆ ಇದ್ದದ್ದು ಅದೊಂದೇ."

"ಕಲ್ಲು ಬಿದ್ದದ್ದು ಸುಳ್ಳಾ? ಯಾರದಾದ್ರೂ ತಲೆ ಒಡೆದಿದ್ರೆ?"

"ನಿಜಾನೇ ಹೇಳಿದೀಯ. ಆದ್ರೆ ನಿಜಕ್ಕೋಸ್ಕರ ಹೇಳ್ಲಿಲ್ಲ."

ಗವಿಯಕ್ಕ ಫೋನು ಇಟ್ಟಳು. ಆ ಮಾತನ್ನು ನುಂಗಲು ಅವಳು ಕಂಡುಕೊಂಡ ಉಪಾಯ ಅವನ ಮೇಲೆ ಇನ್ನಷ್ಟು ಸಿಟ್ಟಾಗುವುದು.

ಬುರುಜು ಮುಚ್ಚಿದ ಮೇಲೆ ಅಧಿಕಾರಿ ಅವನನ್ನೂ ಗವಿಗೇ ಹಾಕಿದಳು. ಗವಿಯಕ್ಕ ಟಿಕೆಟ್ಟು ಕೊಡುವುದು, ಅವನು ಟಾರ್ಚು ಹಿಡಿದು ಜನರನ್ನು ಒಳಗೆ ಕರೆದೊಯ್ಯುವುದು. ಅವನು ಮೊದಲ ವಾರ ಮೊಣಕಾಲು ನೋವೆಂದ. ಎರಡನೇ ವಾರ ಕೆಮ್ಮು ಎಂದ.

"ಬುರುಜು ಹತ್ತುವಾಗ ಇಲ್ಲದ ಮೊಣಕಾಲು ನೋವು ಗವಿಗೆ ಬಂದ್ರೆ ಬರುತ್ತಾ ಮೇಡಂ?" ಎಂದು ಗವಿಯಕ್ಕ ಅಧಿಕಾರಿಯ ಕಿವಿಗೆ ಹಾಕಿದಳು.

ಅವಳಿಗೆ ಕಾರಣ ಗೊತ್ತಿತ್ತು. ಎಷ್ಟೇ ಚಳಿಯಿದ್ದರೂ ಅವನು ಕಿಟಕಿ ತೆರೆದೇ ಮಲಗುತ್ತಿದ್ದ. ಮನೆಯ ಕತ್ತಲೆ ಉಗ್ರಾಣಕ್ಕೆ ಒಂದು ದಿನವೂ ಕಾಲಿಟ್ಟವನಲ್ಲ. ಬೇಕಾದದ್ದನ್ನು ಅವಳೇ ತೆಗೆದುಕೊಡಬೇಕಿತ್ತು. ಬುರುಜಿನ ಮೆಟ್ಟಿಲಲ್ಲಾದರೋ ಹೆಜ್ಜೆಹೆಜ್ಜೆಗೂ ಬೆಳಕಿನ ಸೀಳು. ಮುಚ್ಚಿದ ಜಾಗವೆಂದರೆ ಅವನ ಜೀವ ಬಾಯಿಗೆ ಬರುತ್ತದೆಂದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವಳಿಗೆ. ಗೊತ್ತಿದ್ದೇ ಮಾಡಿದಳು.

ಅಧಿಕಾರಿಯಿಂದ ಗದರಿಕೆ ಬಂದ ಮರುದಿನ ಯುವಕ ಯುವತಿಯರ ಗುಂಪೊಂದು ಬಂತು. ಬುರುಜಣ್ಣ ಟಾರ್ಚು ತೆಗೆದುಕೊಂಡು ಮುಂದೆ ನಡೆದ. ಗವಿಯ ಬಾಯಲ್ಲಿ ಒಂದು ಗಳಿಗೆ ನಿಂತು, ಹಿಂದಕ್ಕೆ ನೋಡಿದ. ಕವಲಿನ ಕೋಣೆಯ ಕಿಟಕಿಯಲ್ಲಿ ಗವಿಯಕ್ಕ ಕೆನ್ನೆಗೆ ಕೈಯಿಟ್ಟು ನೋಡುತ್ತ ಕೂತಿದ್ದಳು. ಅವನು ಬಗ್ಗಿ ಒಳಗೆ ಹೋದ.

ಸ್ವಲ್ಪ ಹೊತ್ತಿಗೇ ಹುಡುಗರು ಮೊಬೈಲಿನ ಬೆಳಕಿನಲ್ಲಿ ಕಿಸಿಕಿಸಿ ನಗುತ್ತ ಹೊರಬಿದ್ದು ಅವಳ ಕಿಟಕಿಗೆ ಬಂದರು.

"ಆಂಟಿ, ನಿಮ್ಮ ಗೈಡು ಆ ಇಕ್ಕಟ್ಟಲ್ಲೇ ಕೂತ್ಬಿಟ್ಟಿದಾರೆ. ಮುಂದಕ್ಕೂ ಬರಲ್ಲ, ಹಿಂದಕ್ಕೂ ಬರಲ್ಲ. ಮಗು ಥರ ಮುಲುಗ್ತಿದಾರೆ."

ಅವಳು ಬಯಸಿದ್ದು ಇದೇ. ಬಯಸಿದ್ದು ಕೈಗೆ ಬಂದಾಗ ನಗಲು ಬಾಯಿ ಬರಲಿಲ್ಲ. ಇನ್ನೊಂದು ಟಾರ್ಚು ಹಿಡಿದು ಎದ್ದಳು.

ಇಕ್ಕಟ್ಟಿನ ಬುಡದಲ್ಲಿ ಅವನು ಬಂಡೆಗೆ ಬೆನ್ನು ಒತ್ತಿಕೊಂಡು ಕುಕ್ಕರಿಸಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು. ಕೈಯಲ್ಲಿನ ಟಾರ್ಚು ಅವನ ಪಾದವನ್ನು ಮಾತ್ರ ಬೆಳಗುತ್ತಿತ್ತು. ಉಸಿರು ತಿದಿಯ ಹಾಗೆ ಏರಿಳಿಯುತ್ತಿತ್ತು. ಬಂದವಳು ಯಾರೆಂದು ನೋಡದೆಯೇ ಅವನಿಗೆ ತಿಳಿಯಿತು.

"ಆವತ್ತು ಮನೆ ಬಾಗಿಲು ಹಾಕಿದ್ದಕ್ಕೆ ಸೇಡು ತೀರಿಸ್ಕೊಂಡ್ಯಾ?"

"ಹೌದು."

"ಸರಿ. ಹಾಗಾದ್ರೆ ಸಮ ಆಯ್ತು."

"ಎಲ್ಲಿ ಸಮ? ನಾನು ಬೆಳಗಾಗೋ ತನಕ ಆ ಮೆಟ್ಟಿಲ ಮೇಲಿದ್ದೆ. ನೀನಿಲ್ಲಿ ಕೂತು ಇನ್ನೂ ಒಂದು ಬೀಡಿ ಸೇದುವಷ್ಟು ಹೊತ್ತಾಗಿಲ್ಲ."

ಅವಳು ಕೈ ಚಾಚಿದಳು. ಅವನು ಅದನ್ನು ನೋಡಿದ.

"ನಿನ್ನ ಕೈ ಬೇಡ."

"ಬೇಡವಾದ್ರೆ ಬಿಡು. ಬೆಳಕು ನೋಡ್ಕೊಂಡು ಬಾ."

ಅವಳು ಅವನಿಗೆ ಮುಖ ಮಾಡಿಕೊಂಡು, ಟಾರ್ಚನ್ನು ನೆಲಕ್ಕೆ ಹಿಡಿದು, ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತ ಹೊರಟಳು. ಆ ದಾರಿ ಅವಳ ಹಿಮ್ಮಡಿಗೇ ಗೊತ್ತಿತ್ತು. "ಬಲಗೈ ಬಂಡೆ ಮೇಲಿಡು. ಎಡಕ್ಕೆ ಸರಿ. ತಲೆ ಬಗ್ಗಿಸು. ಇನ್ನೂ ಬಗ್ಗಿಸು, ನಿನಗೆ ಅಭ್ಯಾಸ ಇಲ್ಲ, ಗೊತ್ತು."

ಅವನು ಅಂಬೆಗಾಲಿಟ್ಟುಕೊಂಡು ಬಿಸಿಲಿಗೆ ಬಂದ. ಹೊರಗೆ ಕಾದು ನಿಂತಿದ್ದ ಹುಡುಗರಲ್ಲಿ ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಗವಿಯಕ್ಕ ನೆಟ್ಟಗೆ ಹೋಗಿ ಅವನ ಮೊಣಕೈ ಹಿಡಿದಳು.

"ಅಳಿಸು."

"ಸುಮ್ನೆ ತಮಾಷೆಗೆ ಆಂಟಿ..."

"ಅವನನ್ನ ಬೈಯೋಕೆ, ಆಡ್ಕೊಂಡು ನಗೋಕೆ ನಾನಿದೀನಿ. ಅದಕ್ಕೆ ಬೇಕಾದ್ದು ಅನುಭವಿಸಿದೀನಿ. ನೀನು ಇಲ್ಲಿಗೆ ಬಂದಿದ್ದು ಕಲ್ಲು ನೋಡೋಕೆ. ಅಳಿಸು."

ಹುಡುಗ ಅಳಿಸಿದ. ಬುರುಜಣ್ಣ ಮೊಣಕಾಲ ಮಣ್ಣು ಕೊಡವಿಕೊಂಡು ಯಾರ ಮುಖವನ್ನೂ ನೋಡದೆ ಇಳಿದು ಹೋದ. ಮರುದಿನ ಕೆಲಸಕ್ಕೆ ಬರಲಿಲ್ಲ. ಅವನ ಸಮವಸ್ತ್ರ ಒಗೆದು, ಮಡಿಸಿ, ಕೋಣೆಯ ಕಿಟಕಿ ಕಟ್ಟೆಯ ಮೇಲೆ ಇಟ್ಟಿತ್ತು.

ಆ ವಾರದ ಕೊನೆಗೆ ಮಗಳೇ ಬಂದಳು. ಕೂಗಾಡುತ್ತಾಳೆ ಎಂದುಕೊಂಡು ಗವಿಯಕ್ಕ ಉತ್ತರಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದಳು. ಮಗಳು ಚಹಾ ಕುಡಿದು ಲೋಟ ತೊಳೆದಿಟ್ಟು, "ಈ ಸಲ ಅಪ್ಪನ ಹತ್ರ ಉಳ್ಕೋತೀನಮ್ಮ," ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡಳು. ಜೋಡಿಸಿಟ್ಟ ಉತ್ತರಗಳೆಲ್ಲ ಗವಿಯಕ್ಕನ ಹೊಟ್ಟೆಯಲ್ಲೇ ಹುಳಿಯಾದವು.

ಬುರುಜಿನ ದುರಸ್ತಿ ಶುರುವಾಯಿತು. ಆಳುಗಳು ನಿಂತು ಕೆಲಸ ಮಾಡಲು ಸುತ್ತ ಬಿದಿರಿನ ಸಾರುವೆ ಕಟ್ಟಿದರು. ಗುತ್ತಿಗೆದಾರ ಕರೆತಂದ ಆಳುಗಳಿಗೆ ಸಿಮೆಂಟು ಬಿಟ್ಟರೆ ಬೇರೆ ತಿಳಿಯದು. ಸುಣ್ಣದ ಕೆಲಸ ಬಲ್ಲ ಕೈ ಬೇಕೆಂದು ಗುತ್ತಿಗೆದಾರ ಹುಡುಕುತ್ತಿದ್ದಾಗ ಬುರುಜಣ್ಣ ಗಾರೆ ಮೆತ್ತುವ ತನ್ನ ಹಳೆಯ ಕರಣೆ ಹಿಡಿದು ಬಂದು ನಿಂತ. ಕಾವಲುಗಾರನಾಗಿದ್ದವನು ದಿನಗೂಲಿಯವನಾದ. ತಲೆ ಪೂರ್ತಿ ನರೆತವನು ಸಾರುವೆಯ ಮೇಲೆ ಕೂತು, ಮೂರು ಹೊತ್ತೂ ಎಳೆಯ ಆಳುಗಳನ್ನು ಬೈಯುತ್ತ ಗಾರೆ ಮೆತ್ತುವುದು ಕವಲಿನ ಕೋಣೆಗೆ ಕಾಣುತ್ತಿತ್ತು. ಅವನ ಬೈಗುಳ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಗವಿಯಕ್ಕ ಕಿಟಕಿ ಮುಚ್ಚುತ್ತಿದ್ದಳು, ಸೆಖೆಯಾಗಿ ಮತ್ತೆ ತೆಗೆಯುತ್ತಿದ್ದಳು.

ಈಗ ಕೋಣೆ ಪೂರ್ತಿ ಅವಳದೇ. ಬೀರುವನ್ನು ಗೋಡೆಗೆ ಸರಿಸಿದಳು. ಫ್ಯಾನು ತನಗೆ ಬೇಕಾದಾಗ ತಿರುಗಿತು. ಆದರೂ ಯಾವುದಕ್ಕೂ ರುಚಿ ಇರಲಿಲ್ಲ. ಜಗಳಕ್ಕೆ ಆಳಿಲ್ಲದೆ, ಚಿಲ್ಲರೆ ತಾರದವರ ಮೇಲೆ, ನೆಲಕ್ಕೆ ಉಗುಳುವವರ ಮೇಲೆ ಹರಿಹಾಯುತ್ತಿದ್ದಳು. ಒಮ್ಮೆ ಅಧಿಕಾರಿಯ ಮೇಲೇ ರೇಗಿ ಎಚ್ಚರಿಕೆ ಪತ್ರ ಪಡೆದಳು.

ಮಳೆಗಾಲಕ್ಕೆ ಮೊದಲು ದುರಸ್ತಿ ಮುಗಿಯಿತು. ಅಧಿಕಾರಿ ಬಂದು ಬಾಗಿಲು ತೆರೆಸಿದಳು. ಆ ಕೈಚಳಕ ನೋಡಿ ಬುರುಜಣ್ಣನಿಗೆ ಹಳೆಯ ಕೆಲಸ ಮರಳಿ ಕೊಟ್ಟಳು. ಅವನೊಂದು ಷರತ್ತು ಹಾಕಿದ: ಕೋಣೆಯಲ್ಲಿ ಕೂರುವುದಿಲ್ಲ, ಬುರುಜಿನ ಬುಡದಲ್ಲೇ ಕುರ್ಚಿ ಹಾಕಿಕೊಡಬೇಕು. ಗವಿಯಕ್ಕ ಕೇಳಿ, "ಪೀಡೆ ತೊಲಗಿತು," ಎಂದಳು. ಅಧಿಕಾರಿ ಇಬ್ಬರಿಗೂ ಕೈ ಮುಗಿದು ಹೋದಳು.

ಅದಾಗಿ ಕೆಲವು ದಿನ ಕಳೆದು, ರಜೆಯ ದಿನವೊಂದರಲ್ಲಿ ಗವಿಯಕ್ಕ ಒಗೆದ ಬಟ್ಟೆ ಉಟ್ಟು ಕವಲಿಗೆ ಬಂದಳು. ತನ್ನ ಬದಲಿಗೆ ಕೂತಿದ್ದವಳಿಗೆ ದುಡ್ಡು ಕೊಟ್ಟು ಒಂದು ಟಿಕೆಟ್ಟು ಕೊಂಡು, ಎಡಗಡೆ ದಾರಿ ಹಿಡಿದಳು. ಬುರುಜಿನ ಬಾಗಿಲಲ್ಲಿ ಬುರುಜಣ್ಣ ಕುರ್ಚಿಯಲ್ಲಿದ್ದ. ಅವಳನ್ನು ಕಂಡು ಏಳಲಿಲ್ಲ. ಬಲಗೈ ಚಾಚಿದ.

"ಟಿಕೆಟ್ಟು?"

ಅವಳು ಕೊಟ್ಟಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೂಲೆ ಹರಿದು ವಾಪಸು ಕೊಟ್ಟ.

ಅವಳು ನಿಧಾನವಾಗಿ ಹತ್ತಿದಳು. ಬೆಳಕಿನ ಪಟ್ಟೆಗಳು ಕಾಲ ಮೇಲೆ ಬಿದ್ದು ಸರಿದವು. ಕಲ್ಲಿನ ಮೀನಿನ ಮೇಲೆ, ಬಾಚಣಿಗೆಯ ಮೇಲೆ ಕೈಯಾಡಿಸಿದಳು. ಅಂಗೈ ಗುರುತಿನ ಮೇಲೆ ತನ್ನ ಅಂಗೈ ಇಟ್ಟು ನೋಡಿದಳು. ಅವಳದೇ ದೊಡ್ಡದು. ಮೇಲಿನ ಬಯಲಿಗೆ ಬಂದಾಗ ಗಾಳಿ ತಳ್ಳಿತು. ಕೆಳಗೆ ಹೊಳೆ ಗುಡ್ಡವನ್ನು ಬಳಸಿ, ಹೊಲಗಳ ನಡುವೆ ಎರಡಾಗಿ, ದೂರದಲ್ಲಿ ಮತ್ತೆ ಕೂಡಿ ಮಂಜಾಗಿ ಹೋಗುತ್ತಿತ್ತು. ಬುರುಜು ಅವಳ ಅಂಗಾಲಿನಡಿ ಗುಂಯ್‌ಗುಟ್ಟುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೆ ಸಿಟ್ಟು ಬಂತು. ಇಷ್ಟು ಚೆಲುವಾದದ್ದನ್ನು ಇಷ್ಟು ವರ್ಷ ಬೈಯುವ ಹಾಗೆ ಮಾಡಿದನಲ್ಲ ಈ ಮನುಷ್ಯ ಎಂದು. ಮೈ ಚಳಿಗುಟ್ಟುವ ತನಕ ಅಲ್ಲೇ ಕೂತಿದ್ದು ಇಳಿದಳು.

ಅವನು ಕುರ್ಚಿಯಲ್ಲೇ ಇದ್ದ, ಬೇರೆ ಕಡೆ ನೋಡುತ್ತ.

"ನೋಡಿದ್ಯಾ?"

"ನೋಡಿದೆ."

"ಹೇಗಿದೆ?"

"ಮೇಲಿನ ಸುತ್ತಲ್ಲಿ ಗಾರೆ ತೀರ ಬೆಳ್ಳಗೆ ಎದ್ದು ಕಾಣುತ್ತೆ."

ಅವನು ತಲೆಯೆತ್ತಿ ಬುರುಜನ್ನೊಮ್ಮೆ ನೋಡಿದ. "ಎರಡು ಮಳೆ ಬೀಳ್ಲಿ. ಕಲ್ಲಿನ ಬಣ್ಣಕ್ಕೆ ಬರುತ್ತೆ."

"ಬಂದ್ರೆ ಸರಿ," ಎಂದು ಅವಳು ಇಳಿಜಾರಿನ ದಾರಿ ಹಿಡಿದಳು.